ಗಾಳಿ ಬೀಸಿದ ಕಡೆ

ಯಂತ್ರದ ಪರದೆಯ ಮೇಲೆ ಗೆರೆ ಮೇಲಕ್ಕೆದ್ದದ್ದನ್ನು ನೋಡಿ ಪುಟ್ಟಿ ಮಾದರಿಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದಳು. ಪ್ರಾಣಿರೋಗದ ಪ್ರಯೋಗಾಲಯದಲ್ಲಿ ರೋಗಾಣುಗಳ ವಂಶವಾಹಿ ಪತ್ತೆ ಮಾಡುವುದೇ ಅವಳ ಕೆಲಸ. ಇಂಥ ಗೆರೆಗಳನ್ನು ದಿನಾ ನೋಡುವವಳು. ಆದರೆ ಈ ಮಾದರಿ ಬಂದದ್ದು ಸ್ವಂತ ಅಕ್ಕನ ಕೊಟ್ಟಿಗೆಯಿಂದ. ಆಡುಗಳು ಒಂದರ ಹಿಂದೊಂದು ದಿನ ತುಂಬುವ ಮೊದಲೇ ಕಂದು ಹಾಕುತ್ತಿವೆ, ಏನೆಂದು ನೋಡು ಎಂದು ಅಕ್ಕನೇ ಕಳಿಸಿದ್ದಳು. ಸಿಕ್ಕಿದ್ದು ಬಸುರಿನ ಚೀಲದೊಳಗೇ ಮನೆಮಾಡುವ ರೋಗಾಣು. ಆಡಿನ ಬಸುರಾದರೂ ಸರಿ, ಹೆಣ್ಣಿನ ಬಸುರಾದರೂ ಸರಿ, ಅದಕ್ಕೆ ಭೇದವಿಲ್ಲ. ಆ ಮನೆಯಲ್ಲಿ ಅಕ್ಕನ ಜೊತೆಗೇ ಇದ್ದ ಮಗಳು ಚೊಚ್ಚಲ ಬಸುರಿ.

ಪುಟ್ಟಿ ಫೋನ್ ಮಾಡಿದಳು. "ಅಕ್ಕಾ, ಕೊಟ್ಟಿಗೆ ಗುಡಿಸೋರು ಯಾರು?"

"ನಾನೇ ಕಣೇ. ಎಲ್ಲಿ ಜಾರಿ ಬೀಳ್ತಾಳೋ ಅಂತ ಇವಳನ್ನ ಒಳಗೆ ಬಿಡಲ್ಲ." ಪುಟ್ಟಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಕ್ಕ ಮುಂದುವರಿಸಿದಳು: "ಮೊನ್ನೆ ಒಂದು ಮರಿ ಅರೆಜೀವ ಆಗಿ ಬಿತ್ತು. ಅದನ್ನ ಮಾತ್ರ ನನ್ನ ಮಾತು ಕೇಳದೆ ಎತ್ಕೊಂಡು ಹೋದ್ಲು. ಮೈಯೆಲ್ಲ ಒರೆಸಿ, ಮಡಿಲಲ್ಲಿ ಇಟ್ಕೊಂಡು ಕೂತಿದ್ಲು. ಉಳೀಲಿಲ್ಲ ಪಾಪ. ಯಾಕೆ ಕೇಳಿದೆ?"

"ಬರ್ತಿದ್ದೀನಿ" ಎಂದಷ್ಟೇ ಹೇಳಿ ಪುಟ್ಟಿ ಕಾರಿನ ಕೀಲಿ ಎತ್ತಿಕೊಂಡಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಅಕ್ಕನ ಮಗಳು ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಮೈ ಸ್ವಲ್ಪ ಬೆಚ್ಚಗಿತ್ತು.

"ಚಿಕ್ಕಮ್ಮ, ನೀವು ಸುಮ್ಮನಿದ್ರೆ ನಂಗೆ ಹೆದರಿಕೆ ಆಗುತ್ತೆ."

"ರಸ್ತೆ ನೋಡ್ತಿದ್ದೀನಿ ಕಣೇ."

"ರಸ್ತೆ ಖಾಲಿ ಇದೆಯಲ್ಲ."

ಪುಟ್ಟಿ ವಿಧಿಯಿಲ್ಲದೆ ಎಲ್ಲವನ್ನೂ ಹೇಳಿದಳು. ಹುಡುಗಿ ಅಳಲಿಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ಬೆಳಿಗ್ಗೆಯಿಂದ ಒದ್ದಿಲ್ಲ" ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಯ ಮೇಲೆ ಉಪಕರಣ ಇಟ್ಟು ಅಲ್ಲಿ ಇಲ್ಲಿ ಸರಿಸಿದರು. ಬರೀ ಗರಗರ ಸದ್ದು. ಮತ್ತೆ ಸರಿಸಿದರು. ಕೊನೆಗೆ, ದೂರದಲ್ಲಿ ಯಾರೋ ಓಡುತ್ತಿರುವಂತೆ, ಎದೆಬಡಿತ ಕೇಳಿಸಿತು. ಹುಡುಗಿ ಆಗ ಅತ್ತಳು. ರಕ್ತದಲ್ಲಿ ಆ ರೋಗಾಣು ಇದ್ದೇ ಇತ್ತು. ಹೆರಿಗೆಯವರೆಗೂ ಮಾತ್ರೆ ತಪ್ಪಿಸುವಂತಿಲ್ಲ ಎಂದ ಡಾಕ್ಟರು, "ಸದ್ಯಕ್ಕೆ ಮಗು ಚೆನ್ನಾಗಿದೆ" ಎಂದರು.

ಹೊರಡುವಾಗ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. "ನಿಮ್ಮ ಅಕ್ಕನ ಮನೆ ಕೆಳಗಿನ ಬೀದಿಯಿಂದ ಇಂಥದೇ ಜ್ವರ ಅಂತ ಕೆಲವರು ಬಂದಿದ್ರು. ಶೀತಜ್ವರ ಅಂದ್ಕೊಂಡು ಕಳಿಸಿಬಿಟ್ಟೆ. ಅವರ ಮನೇಲಿ ಯಾರೂ ಆಡು ಸಾಕಿಲ್ವಲ್ಲ?"

ಆಡು ಇಲ್ಲ, ಗಾಳಿ ಇದೆ; ಕೊಟ್ಟಿಗೆಯ ಒಣ ಧೂಳಿನ ಜೊತೆ ಈ ರೋಗಾಣು ಹಾರಿಹೋಗಬಲ್ಲದು. ಕೊಟ್ಟಿಗೆಗೂ ಆ ಬೀದಿಗೂ ನಡುವೆ ಒತ್ತಾಗಿ ಬೆಳೆದಿದ್ದ ಮರಗಳ ಸಾಲನ್ನು ಅಕ್ಕ ಹೋದ ವರ್ಷ ಕೊಟ್ಟಿಗೆ ದೊಡ್ಡದು ಮಾಡಲು ಕಡಿಸಿದ್ದಳು. ಪುಟ್ಟಿ ಬೀದಿಯ ಮನೆಗಳ ಕಿಟಕಿ ಚೌಕಟ್ಟಿನ ಧೂಳನ್ನು ಹತ್ತಿಯಿಂದ ಒರೆಸಿ ತಂದು ಪರೀಕ್ಷಿಸಿದಳು. ಧೂಳಿನ ರೋಗಾಣುವಿನ ವಂಶವಾಹಿಗೂ ಆಡಿನಲ್ಲಿ ಸಿಕ್ಕಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಜ್ವರ ಬಂದವರನ್ನೆಲ್ಲ ಡಾಕ್ಟರು ಮತ್ತೆ ಕರೆಸಿದರು. ಆಡುಗಳ ಹಾಲು ಹೊರಗೆ ಹೋಗುವುದು ನಿಂತಿತು. ಕೊಟ್ಟಿಗೆಯ ಕಸವನ್ನು ಧೂಳೇಳದಂತೆ ನೆನೆಸಿ, ಗುಂಡಿ ತೋಡಿ ಹೂತರು. ಅಕ್ಕ ಮೊದಲು ರೇಗಿದಳು, ಆಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೇಳಿದ್ದನ್ನೆಲ್ಲ ಮಾಡಿದಳು. ಕಡಿಸಿದ ಜಾಗದಲ್ಲಿ ತಾನೇ ಸಸಿಗಳನ್ನೂ ನೆಟ್ಟಳು.

"ಇವು ಗಾಳಿ ತಡೆಯೋಷ್ಟು ಬೆಳೆಯೋಕೆ ಎಷ್ಟು ಕಾಲ ಬೇಕು ಕಣೇ?" ಎಂದು ಕೇಳಿದಳು.

ಪುಟ್ಟಿ ಬಗ್ಗಿ ಒಂದು ಸಸಿಯ ಬುಡಕ್ಕೆ ಮಣ್ಣೆಳೆದಳು. ಮೊಣಕಾಲೆತ್ತರದ ಸಸಿಗಳೆಲ್ಲ ಗಾಳಿಗೆ ಕೆಳಗಿನ ಬೀದಿಯ ಕಡೆಗೇ ಬಾಗಿದ್ದವು. ಆ ಕಡೆಯ ಮೊದಲ ಮನೆಯ ಮಹಡಿಯಲ್ಲಿ ತುಂಬು ಬಸುರಿಯೊಬ್ಬಳು ಅಂಗೈಯಗಲದ ಹೊಸ ಅಂಗಿಗಳನ್ನು ಒಂದೊಂದಾಗಿ ಕೊಡವಿ, ಗಾಳಿಗೆ ಹರವುತ್ತಿದ್ದಳು.