ಎಣ್ಣೆಗೆ ಬಂದ ನೀರು

ಕಪಿಲಾ ಹೊಳೆಯ ಆಚೆ ದಡದಲ್ಲಿ ಲಾರಿ ಕೆಮ್ಮಿದರೆ, ಈಚೆ ದಡದಲ್ಲಿ ಕೂತೇ ಯಾವ ವಾಲ್ವು ಸವೆದಿದೆಯೆಂದು ಹೇಳಿಬಿಡುತ್ತಿದ್ದನಂತೆ ದೇವನೂರಿನ ಮೆಕ್ಯಾನಿಕ್ ಚನ್ನಯ್ಯ. ಒಮ್ಮೆ ಆನೆಗೂ ಗ್ಯಾಸ್ಕೆಟ್ ಬದಲಿಸಿದ್ದನಂತೆ. ಹೀಗೆ ಹೇಳಿಕೊಂಡು ತಿರುಗುತ್ತಿದ್ದವನೂ ಅವನೇ.

ಇವತ್ತು ಆ ಮಾತಿಗೆ ಪರೀಕ್ಷೆ ಬಂದಿತ್ತು. ಅಂಗಳದಲ್ಲಿ ಅಳಿಯ ಜಗನ್‌ನ ಹಳೇ ಡೀಸೆಲ್ ಜೀಪು ಬಾನೆಟ್ ತೆರೆದು ನಿಂತಿತ್ತು. ಮಗಳು ಬಿಂದುಶ್ರೀಯನ್ನೂ ಹಸುಗೂಸನ್ನೂ ಬನ್ನೂರಿಗೆ ಕರೆದೊಯ್ಯಲು ಅಳಿಯ ಮತ್ತು ಅವನ ತಾಯಿ ಮಲ್ಲಾಜಮ್ಮ ನಿನ್ನೆಯೇ ಬಂದಿದ್ದರು. ನಾಳೆ ಆಷಾಢ ಹುಟ್ಟುತ್ತದೆ. ಆಮೇಲೆ ತಿಂಗಳು ಪೂರ್ತಿ ಬಾಣಂತಿಯನ್ನು ಕಳಿಸುವಂತಿಲ್ಲ. ಕೂಸಿನೊಂದಿಗೆ ಬಸ್ಸು ಹತ್ತಿಸುವುದು ಬೀಗರ ಮನೆತನಕ್ಕೆ ಅವಮಾನ.

ಬೆಳಿಗ್ಗೆ ಹೊರಡುವಾಗ ಮಲ್ಲಾಜಮ್ಮ ಮಗನನ್ನು ತಡೆದಿದ್ದಳು. "ಚಾಲೂ ಮಾಡ್ಬ್ಯಾಡ ಕಣ್ಲಾ, ಮೊದ್ಲು ಎಣ್ಣೆ ನೋಡು."

ಎಂಜಿನ್ ಎಣ್ಣೆಯ ಅಳತೆ ಕಡ್ಡಿಯ ತುದಿಯಲ್ಲಿ ನೀರು!

"ಎಡ್ ಗ್ಯಾಸ್ಕೆಟ್ ಓಗ್ಯದೆ," ಎಂದು ನೋಡುವ ಮೊದಲೇ ತೀರ್ಪು ಕೊಟ್ಟ ಚನ್ನಯ್ಯ.

"ಆನೆಗೇ ಆಕ್ದೋರ್ಗೆ ಜೀಪ್ ಯಾವ ಲೆಕ್ಕ ಮಾವ?" ಎಂದು ನಕ್ಕ ಜಗನ್.

ಊಟ ಬಿಟ್ಟು ಸಿಲಿಂಡರ್ ಹೆಡ್ ಬಿಚ್ಚಿದರೆ, ನೀರು ಎಣ್ಣೆಗೆ ಸೇರದಂತೆ ತಡೆಯುವ ಗ್ಯಾಸ್ಕೆಟ್ ಎಲ್ಲೂ ಸುಟ್ಟಿಲ್ಲ. ಹೆಡ್ಡಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ರೇಡಿಯೇಟರಿನಿಂದ ಬಸಿದ ನೀರೂ ಕಡಿಮೆಯಾಗಿಲ್ಲ. ಅಂದರೆ ಎಣ್ಣೆಗೆ ನೀರು ಒಳಗಿಂದ ಬಂದದ್ದಲ್ಲ. ಯಾರೋ ಮೇಲಿಂದ ಸುರಿದಿದ್ದಾರೆ.

ಬಿಂದುಶ್ರೀ ಕೂಸನ್ನು ಅವುಚಿಕೊಂಡು, ನಿಲ್ಲಲೂ ತ್ರಾಣವಿಲ್ಲದೆ ಬಾಗಿಲಿಗೆ ಒರಗಿದ್ದಳು. ಅಪ್ಪನ ನೋಟ ಬಿದ್ದೊಡನೆ ಮುಖ ತಿರುಗಿಸಿದಳು. ಇವಳದೇ ಕೆಲಸ ಎಂದುಕೊಂಡ ಚನ್ನಯ್ಯ. ಬೀಗರಿಗೆ ತಿಳಿದರೆ ಮಗಳ ಬಾಳು?

"ಎಡ್ಡು ಸೀಳ್ಯದೆ ಅಕ್ಕಾ. ಮೈಸೂರಿಗೇ ಓಗ್ಬೇಕು. ವಾರ ಆಯ್ತದೆ," ಎಂದ ಮಲ್ಲಾಜಮ್ಮನಿಗೆ.

"ಎಲ್ಲಿ, ತೋರ್ಸಿ ಮಾವ." ಜಗನ್ ಬಗ್ಗಿ ಬೆರಳಾಡಿಸಿದ. "ನುಣ್ಣಗೇ ಅದಲ್ಲ?"

ಮಲ್ಲಾಜಮ್ಮ ಮಗನನ್ನು ಕಾಫಿಯ ನೆಪದಲ್ಲಿ ಒಳಗಟ್ಟಿದಳು. ಚನ್ನಯ್ಯನ ಎದುರಿಗೇ ಬಂದು ನಿಂತಳು.

"ಈಗ ನಿಜ ಏಳಿ ಬೀಗ್ರೇ. ಕೂಸಿನ ಮೇಲಾಣೆ."

ಚನ್ನಯ್ಯ ಸ್ಪ್ಯಾನರ್ ಕೆಳಗಿಟ್ಟ. "ಸುಳ್ಳೇಳ್ದೆ ಅಕ್ಕಾ. ಎಡ್ಡು ಸರ್ಯಾಗೇ ಅದೆ. ನನ್ ಮಗಳೇ ನೀರುಯ್ದವ್ಳೆ. ಒಟ್ಟೆಗಾಕ್ಕೊಳ್ಳಿ."

ಮಲ್ಲಾಜಮ್ಮ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನನ್ನ ಹಸಿ ಬಾಣಂತೀಲೇ ಗದ್ದೆಗಿಳ್ಸಿದ್ರು, ಬೀಗ್ರೇ. ಇವ್ಳನ್ನೂ ಬಿಡಾಕಿಲ್ಲ ನಮ್ಮೆಜಮಾನ್ರು. ಆಷಾಢ ಕಳೆಯೋಗಂಟ ಇಲ್ಲೇ ಇರ್ಲಿ. ನೀರುಯ್ದೋಳು ನಾನು."