ಮೆಕ್ಸಿಕನ್ ಪಿಜ್ಜಾದ ಮೊದಲ ತುಂಡು

ಮೊದಲ ತುಂಡನ್ನು ಹೆಂಡತಿ ತನ್ನೆದುರು ತಿನ್ನುವುದಿಲ್ಲ ಎಂಬುದು ಪಿಜ್ಜಾ ಬೇಯಿಸುವವನ ಗಮನಕ್ಕೆ ಬಂದದ್ದು ಐದನೆಯ ದಿನ. ತಟ್ಟೆಗೆ ಹಾಕಿಕೊಳ್ಳುತ್ತಾಳೆ, ಮೇಲೊಂದು ತಟ್ಟೆ ಮುಚ್ಚುತ್ತಾಳೆ, ಹೊರಗೆ ಹೋಗುತ್ತಾಳೆ. ಐದು ನಿಮಿಷ ಬಿಟ್ಟು ಬರಿ ತಟ್ಟೆ ಹಿಡಿದು ಬಂದು ತೀರ್ಪು ಕೊಡುತ್ತಾಳೆ.

“ಬೀನ್ಸಿಗೆ ಉಪ್ಪು ಸಾಲದು. ಸಾಸಿನ ಹುಳಿ ಮುಂದಾಗಿದೆ.”

“ಇಲ್ಲೇ ನಿಂತು ತಿಂದರೆ ಏನಾಗತ್ತೆ?”

“ನೀವು ಹೀಗೆ ಬಾಯನ್ನೇ ನೋಡ್ತಾ ನಿಂತರೆ ಗಂಟಲಲ್ಲಿ ಇಳಿಯಲ್ಲ ರೀ.”

ಹಿಂದಿನ ತಿಂಗಳ ಜ್ವರ ಇಡೀ ಮನೆಯನ್ನು ಹಾಸಿಗೆಗೆ ಕೆಡವಿ ಹೋಗಿತ್ತು. ಹೋಗುವಾಗ ಅವನ ನಾಲಿಗೆಯ ರುಚಿಯನ್ನು ಗಂಟು ಕಟ್ಟಿಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ ಎಲ್ಲವೂ ಒಂದೇ, ಒದ್ದೆ ರಟ್ಟಿನ ಹಾಗೆ. ಖಾರದ ಉರಿ ಮಾತ್ರ ಗೊತ್ತಾಗುತ್ತಿತ್ತು. ಅದೂ ಬೇರೆ ಯಾರದೋ ಬಾಯಿ ಉರಿದಂತೆ. ಇದನ್ನು ಅವನು ಹೆಂಡತಿಗೊಬ್ಬಳಿಗೇ ಹೇಳಿದ್ದ.

ಅಂಗಡಿಯಲ್ಲಿ ಇಬ್ಬರು ಅಡುಗೆಯವರು, ಅವನು ಮತ್ತು ಅವನ ಹೆಂಡತಿಯ ತಮ್ಮ. ಮಾಲೀಕ ಹೇಳಿಬಿಟ್ಟಿದ್ದ: “ಸೋಮವಾರ ಇಬ್ಬರೂ ಮೆಕ್ಸಿಕನ್ ಪಿಜ್ಜಾ ಮಾಡಿ. ಯಾರದು ಬಾಯಿಗೆ ಹತ್ತತ್ತೋ ಅವನು ಒಲೆ ಮುಂದೆ. ಇನ್ನೊಬ್ಬ ಪಾತ್ರೆ ತೊಳೀಲಿ.” ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ನಿಂತವನು ಮನೆಯಲ್ಲಿ, ಮುಚ್ಚಳ ಹಾಕಿದ ಕಬ್ಬಿಣದ ಬಾಣಲೆಯಲ್ಲಿ ಪಾಠ ಒಪ್ಪಿಸತೊಡಗಿದ.

ಅದೇ ವಾರ ಮೈದುನ ಮನೆಗೆ ಬಂದಿದ್ದ. ಅಕ್ಕ ಕೊಟ್ಟ ಚಹಾವನ್ನು ಬಾಯಿಗಿಟ್ಟವನೇ ಉಗುಳಲು ಬಚ್ಚಲಿಗೆ ಓಡಿದ.

“ಅಕ್ಕಾ! ಸಕ್ಕರೆ ಅಂತ ಉಪ್ಪು ಸುರಿದಿದ್ದೀಯಲ್ಲೇ! ನಿಮ್ಮನೆ ಸಕ್ಕರೆ ಸಮುದ್ರದಲ್ಲಿ ಬೆಳೆಯತ್ತಾ?”

ಅಷ್ಟರಲ್ಲಿ ಭಾವ ತನ್ನ ಲೋಟವನ್ನು ತಳ ಕಾಣುವ ತನಕ ಕುಡಿದಿದ್ದ. ಗುಟ್ಟು ರಟ್ಟಾಯಿತೇನೋ ಎಂದು ಹೆಂಡತಿಯ ಮುಖ ನೋಡಿದ. ಅವಳು ತನ್ನ ಖಾಲಿ ಲೋಟ ತೊಳೆಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಕೊನೆಯ ಸಲ ಮಾಡಿದ. ತೆಳ್ಳಗೆ ಲಟ್ಟಿಸಿದ ರೊಟ್ಟಿಯನ್ನು ಎರಡೂ ಕಡೆ ಸುಟ್ಟ. ಬೆಂದ ಬೀನ್ಸನ್ನು ಬೆಳ್ಳುಳ್ಳಿ, ಜೀರಿಗೆಯ ಜೊತೆ ಅರೆದು ಬಳಿದ. ಮೇಲೆ ಟೊಮೆಟೊ ಸಾಸು, ಜೋಳದ ಕಾಳು, ದಪ್ಪ ಮೆಣಸಿನಕಾಯಿ, ವಿನೆಗರಿನಲ್ಲಿ ನೆನೆದ ಹಸಿಮೆಣಸಿನ ಬಿಲ್ಲೆ, ಚೀಸು. ಕೈಗೆ ಎಲ್ಲ ನೆನಪಿತ್ತು. ಬಾಯಿಗೆ ಮಾತ್ರ ಏನೂ ಇಲ್ಲ.

ಹೆಂಡತಿ ತಟ್ಟೆ ಹಿಡಿದು ಹೊರಟಳು. ಅವನು ಬರಿಗಾಲಲ್ಲಿ ಹಿಂದೆ ಹೋದ. ಮೆಟ್ಟಿಲ ತಿರುವಿನಿಂದ ಕೆಳಗೆ ಬಗ್ಗಿ ನೋಡಿದ.

ಸೈಕಲ್ಲುಗಳ ನಡುವೆ ಮೈದುನ ನಿಂತಿದ್ದ. ಕಣ್ಣು ಮುಚ್ಚಿ ಅಗಿಯುತ್ತಿದ್ದ. ನುಂಗಿ, ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇಷ್ಟು ದಿನದ ತೀರ್ಪೆಲ್ಲ ಎದುರಾಳಿಯ ಬಾಯಿಯದು. ಕಟ್ಟಿಕೊಂಡವನಿಗಿಂತ ಒಡಹುಟ್ಟಿದವನು ಹತ್ತಿರ, ಅಷ್ಟೇ. ಅವನಿಗೆ ಸಿಟ್ಟೂ ಬರಲಿಲ್ಲ. ಮೇಲೆ ಬಂದು ಬಾಣಲೆ ಉಜ್ಜಿದ.

“ಇವತ್ತಿನದು ಎಲ್ಲ ಸರಿಯಾಗಿದೆ,” ಎಂದಳು ಹೆಂಡತಿ ಬಂದು. “ಒಂದು ಹರಳು ಉಪ್ಪೂ ಹೆಚ್ಚಿಗೆ ಬೇಡ.”

“ಆಯ್ತು.”

ಸೋಮವಾರ ಅಂಗಡಿಯಲ್ಲಿ ಮೈದುನ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದು ಪಿಸುಗುಟ್ಟಿದ. “ಭಾವ, ನಿನ್ನೆ ಮಾಡಿದ ಹಾಗೇ ಮಾಡಿ. ದಮ್ಮಯ್ಯ, ಏನೂ ಮುಟ್ಟೋಕೆ ಹೋಗಬೇಡಿ.”

ಬೇಡ ಎಂದಲ್ಲೇ ಬೇಕಾದದ್ದು ಇರುತ್ತದೆ ಎಂದುಕೊಂಡ ಅವನು. ಬೀನ್ಸಿಗೆ ಒಂದು ಹಿಡಿ ಉಪ್ಪು ಹಾಕಿದ. ಸಾಸಿಗೆ ಎರಡು ಚಮಚ ವಿನೆಗರು ಸುರಿದ. ಮೈದುನ ತಲೆಗೆ ಕೈ ಹಚ್ಚಿಕೊಂಡ.

ಮಾಲೀಕ ಒಂದೇ ತುತ್ತು ತಿಂದ. ಕಾಗದದಲ್ಲಿ ಉಗುಳಿದ. “ಏನಪ್ಪ ಹಿರಿಯ, ಉಪ್ಪಿನಕಾಯಿ ಹಾಕಿದ್ದೀಯೋ, ಪಿಜ್ಜಾ ಮಾಡಿದ್ದೀಯೋ? ನಾಳೆಯಿಂದ ಆ ಕಡೆ ಹೋಗು.” ಬೆರಳು ಪಾತ್ರೆ ತೊಳೆಯುವ ತೊಟ್ಟಿಯನ್ನು ತೋರಿಸಿತು.

ಸಂಜೆ ಅವನು ಮನೆಗೆ ಬಂದಾಗ ಮೈದುನ ಫೋನಿನಲ್ಲಿ ಆಗಲೇ ಎಲ್ಲ ಹೇಳಿಬಿಟ್ಟಿದ್ದ. ಹೆಂಡತಿ ಒಲೆ ಹಚ್ಚದೆ ಕೂತಿದ್ದಳು.

“ಅವನು ನಿಮಗೋಸ್ಕರ ದಿನಾ ಬಂದು ತಿಂದು ಹೇಳ್ತಿದ್ದ,” ಎಂದಳು. “ಒಲೆ ಭಾವನದೇ, ನನಗೆ ಬೇಡ ಅಂದಿದ್ದ. ಸೋಲೋಕೆ ಅಂತಲೇ ತನ್ನದರಲ್ಲಿ ಇವತ್ತು ಬೀನ್ಸೇ ಹಾಕಿರಲಿಲ್ಲವಂತೆ. ಅಷ್ಟಾದರೂ ಗೆದ್ದನಂತೆ, ಅಳ್ತಿದ್ದ.”

ಅವನು ಚಪ್ಪಲಿ ಬಿಡುವುದನ್ನು ಮರೆತು ನಿಂತ.

“ಅವನ್ನ ಯಾಕೆ ಕರೆದೆ? ತಿಂದು ಹೇಳೋಕೆ ನೀನಿರಲಿಲ್ಲವಾ? ನಿನಗೇನು ನಾಲಿಗೆ ಇರಲಿಲ್ಲವಾ?”

“ಇರಲಿಲ್ಲ ರೀ,” ಎಂದಳು ಹೆಂಡತಿ. “ಅದೇ ಜ್ವರದಲ್ಲಿ ನನ್ನದೂ ಹೋಯಿತು.”