ಸಿಟ್ಟಿನ ಮೈಲೇಜು

ದಾವಣಗೆರೆ ಪೇಟೆ ಸುತ್ತಿಬರಲು ಹಾಲೇಶಪ್ಪನ ಹಳೆಯ ಕಾರಿಗೆ ಕಾಫಿ ತಣ್ಣಗಾದ ಸಿಟ್ಟು ಸಾಕು. ಹರಿಹರದವರೆಗೆ ಹೋಗಲು ಹೆಂಡತಿಯೊಡನೆ ಸಣ್ಣದೊಂದು ಜಗಳ ಬೇಕು. ಹೊಸ ಸ್ಪೋರ್ಟ್ಸ್ ಕಾರು ಮಾತ್ರ ದಾಯಾದಿ ಸಿಟ್ಟಿಲ್ಲದೆ ಅಲುಗುವುದಿಲ್ಲ. ಅದನ್ನು ಕೊಳ್ಳಲೆಂದೇ ಹಾಲೇಶಪ್ಪ ತಮ್ಮ ಮುರುಗೇಶನೊಡನೆ ವರ್ಷಗಟ್ಟಲೆ ಮಾತು ಬಿಟ್ಟು, ಕಾಂಪೌಂಡ್ ಗೋಡೆಯ ಜಗಳವನ್ನು ಜೋಪಾನವಾಗಿ ಕಾಪಾಡಿಕೊಂಡಿದ್ದ.

"ನಿಮ್ ತಮ್ಮನ್ನ ನೆನೆಸ್ಕೊಂಡು ಪೆಡಲ್ ಒತ್ರಿ ಸಾರ್," ಎಂದ ಟೆಸ್ಟ್ ಡ್ರೈವಿಗೆಂದು ಪಕ್ಕದಲ್ಲಿ ಕೂತ ಷೋರೂಮಿನವನು.

ಕಾರು ಚಿಮ್ಮಿತು. ಹೈವೇಯ ಲಾರಿಗಳೆಲ್ಲ ನಿಂತಂತೆ ಕಂಡವು.

"ಇದರ ಮುಂದೆ ನಮ್ದು ಎತ್ತಿನಗಾಡಿ ಕಣ್ರೀ!" ಎಂದು ಹಾಲೇಶಪ್ಪ ಕೂಗಿದ.

ಹರಿಹರದ ಸೇತುವೆ ದಾಟುತ್ತಲೇ ಕಾರು ಕೆಮ್ಮಿ ನಿಂತಿತು.

"ಇನ್ನೊಂದ್ಸಲ ನೆನೆಸ್ಕೊಳ್ರಿ ಸಾರ್."

"ನೆನೆಸ್ಕೊಂಡೆ. ಚಿಕ್ಕೋನಿದ್ದಾಗ ನನ್ ಹೆಗಲ ಮೇಲೆ ಕೂತು ಉಚ್ಚೆ ಹೊಯ್ದಿದ್ದ, ಬರೀ ಅದೇ ನೆನಪಾಗ್ತೈತಿ."

"ಗೋಡೆ ಸಾರ್, ಗೋಡೆ!"

"ಒಂದು ಗೇಣು ಅವನ ಕಡಿಗೆ ಹೋದ್ರೆ ಏನಾತು ಬಿಡ್ರಿ."

ಕೊನೆಗೆ ಹಾಲೇಶಪ್ಪ ತಮ್ಮನಿಗೇ ಫೋನ್ ಮಾಡಿದ. ಮುರುಗೇಶ ತನ್ನ ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಬಂದ.

"ಅಣ್ಣಾ, ನಿನ್ ಮ್ಯಾಲಿನ ಸಿಟ್ಟು ನಂಗಿನ್ನೂ ಟ್ಯಾಂಕ್ ತುಂಬ ಐತಿ. ಹಗ್ಗ ಕಟ್ಟು."

ಷೋರೂಮು ಮುಟ್ಟುವಷ್ಟರಲ್ಲಿ ಅವನ ಟ್ಯಾಂಕೂ ಖಾಲಿಯಾಗಿತ್ತು. ಹಾಲೇಶಪ್ಪನಿಗೆ ಹೊಸ ಕಾರು ಸಿಗಲಿಲ್ಲ, ತಮ್ಮ ಸಿಕ್ಕ.